ಈ ಗ್ಯಾಸು ಹೊಟ್ಟೆಯದಲ್ಲ

ನಮ್ಮ ಜನರ ಬಾಯಲ್ಲಿ 'ಗ್ಯಾಸು' ಎಂಬ ಪದಕ್ಕಿರುವಷ್ಟು ಅರ್ಥಗಳು ಯಾವ ನಿಘಂಟಿನಲ್ಲೂ ಸಿಗಲಾರವು. ಎದೆ ಹಿಡಿದರೂ ಗ್ಯಾಸು, ಬೆನ್ನು ಚುಳುಕ್ಕೆಂದರೂ ಗ್ಯಾಸು, ತಲೆ ತಿರುಗಿದರೂ ಗ್ಯಾಸು. ಹಾಗಾಗಿ ಮೂವತ್ತೈದರ ಆಸುಪಾಸಿನ ಆ ಮನುಷ್ಯ ನನ್ನ ಎದುರಿನ ಸ್ಟೂಲಿನ ಮೇಲೆ ಕುಳಿತು, "ಗ್ಯಾಸ್ ಸಾರ್. ಸಾಯಂಕಾಲ ಆದ್ರೆ ತಲೆ ಸಿಡಿಯುತ್ತೆ, ವಾಕರಿಕೆ ಬರುತ್ತೆ" ಎಂದಾಗ ನಾನು ಹೊಟ್ಟೆ ಒತ್ತಿ ನೋಡಿದೆ, ನಾಲಿಗೆ ನೋಡಿದೆ, ಆಮ್ಲ ತಗ್ಗಿಸುವ ಮಾತ್ರೆ ಬರೆದುಕೊಟ್ಟೆ. ಖಾರ ಕಡಿಮೆ ಮಾಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ಉಪದೇಶಿಸಿ ಕಳುಹಿಸಿದೆ.

ಹದಿನೈದು ದಿನ ಬಿಟ್ಟು ಅವರು ಮತ್ತೆ ಬಂದರು. ಈ ಸಲ ರಕ್ತದೊತ್ತಡ ನೋಡಿದೆ, ಸರಿಯಾಗಿತ್ತು. ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ ಎಂದೆ. ಕೊರೋನಾ ಕಾಲದಲ್ಲಿ ಕೊಂಡ ಆಕ್ಸಿಮೀಟರಿಗೆ ಮನೆಯಲ್ಲಿ ಬೆರಳು ಕೊಟ್ಟು ನೋಡಿಕೊಂಡಿದ್ದರಂತೆ, 98 ತೋರಿಸಿತಂತೆ. ನನ್ನ ಯಂತ್ರವೂ 98 ಎಂದಿತು. ಇಬ್ಬರಿಗೂ ಸಮಾಧಾನವಾಯಿತು.

ಮೂರನೆಯ ಸಲ ಜೊತೆಯಲ್ಲಿ ಹೆಂಡತಿಯೂ ಬಂದಿದ್ದರು. ಗಂಡ ಬಾಯಿ ತೆರೆಯುವ ಮೊದಲೇ ಆಕೆ ಹೇಳಿದರು: "ಭಾನುವಾರ ಇವ್ರಿಗೆ ಏನೂ ಇರಲ್ಲ ಸಾರ್. ಸೋಮವಾರ ಸಾಯಂಕಾಲ ಮತ್ತೆ ಶುರು. ಹಬ್ಬಕ್ಕೆ ಊರಿಗೆ ಹೋಗಿ ಒಂದು ವಾರ ಇದ್ವಿ, ಆಗ ಚೆನ್ನಾಗೇ ಇದ್ರು. ಖಾರ ಅಂತೀರಲ್ಲ, ನಮ್ಮತ್ತೆ ಹಾಕೋ ಖಾರ ನಾನು ಹಾಕೋದಕ್ಕಿಂತ ಎರಡರಷ್ಟು!"

ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಿದ್ದು ಆಗಲೇ: "ನೀವು ಏನು ಕೆಲಸ ಮಾಡ್ತೀರಿ?"

"ವ್ಯಾಕ್ಯೂಮ್ ಪಂಪ್ ರಿಪೇರಿ ಸಾರ್. ಪೀಣ್ಯದಲ್ಲಿ."

ಪೀಣ್ಯ ಎಂದರೆ ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿನ ದೊಡ್ಡ ಕಾರ್ಖಾನೆಗಳ ಸಂದಿಗೊಂದಿಗಳಲ್ಲಿ, ಐದಾರು ಜನ ಕೆಲಸ ಮಾಡುವ ಲೆಕ್ಕವಿಲ್ಲದಷ್ಟು ಷೆಡ್ಡುಗಳಿವೆ. ಇವರದೂ ಅಂಥದೇ ಒಂದು; ಮಾಲೀಕರೂ ಸೇರಿ ಎಂಟು ಜನ. ಊರಿನ ಸುತ್ತಲ ಕಾರ್ಖಾನೆಗಳಿಂದ ಕೆಟ್ಟ ಪಂಪುಗಳು ಟೆಂಪೋದಲ್ಲಿ ಬರುತ್ತವೆ. ಇವರು ಆಯಿಲ್ ಇಳಿಸಿ, ಬಿಚ್ಚಿ, ಒರೆಸಿ, ಸೀಲು ಬದಲಿಸಿ, ಓಡಿಸಿ ನೋಡಿ ಹಿಂದಿರುಗಿಸುತ್ತಾರೆ.

ಈ ಪಂಪನ್ನು ಮನೆಯಲ್ಲಿ ಕುಳಿತು ಪತ್ರಿಕೆ ಓದುವವರು ಕಂಡಿರುವುದು ಕಡಿಮೆ. ಬಾವಿಯ ಪಂಪು ನೀರನ್ನು ಎತ್ತಿದ ಹಾಗೆ ಇದು ಗಾಳಿಯನ್ನೂ ಆವಿಯನ್ನೂ ಎಳೆದು, ಮುಚ್ಚಿದ ಪಾತ್ರೆಯನ್ನು ಬರಿದು ಮಾಡುತ್ತದೆ. ಬರಿದು ಮಾಡಿ ಏನು ಪ್ರಯೋಜನ? ಪ್ರೆಷರ್ ಕುಕ್ಕರನ್ನು ನೆನೆಸಿಕೊಳ್ಳಿ. ಅದರಲ್ಲಿ ಒತ್ತಡ ಹೆಚ್ಚಾಗಿ ನೀರು ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ. ವ್ಯಾಕ್ಯೂಮ್ ಪಂಪಿನ ಕೆಲಸ ಕುಕ್ಕರಿಗೆ ತಿರುಗುಮುರುಗು. ಒತ್ತಡ ಇಳಿದಷ್ಟೂ ದ್ರವವು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಸಕ್ಕರೆ ಕಾರ್ಖಾನೆಯವರು ಕಬ್ಬಿನ ಹಾಲು ಸೀಯದಂತೆ ಸಕ್ಕರೆ ಕಟ್ಟಿಸುವುದು ಇದೇ ಉಪಾಯದಿಂದ. 'ವ್ಯಾಕ್ಯೂಮ್ ಪ್ಯಾನ್' ಎಂಬ ಮಾತು ಮಂಡ್ಯದ ಕಡೆಯವರಿಗೆ ಹೊಸದಲ್ಲ. ಅಲ್ಲಿ ಪಂಪು ಎಳೆಯುವುದು ಹೆಚ್ಚಾಗಿ ನೀರಾವಿ, ಹೆದರುವ ಕಾರಣವಿಲ್ಲ. ಆದರೆ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಲ್ಲಿ ಇದೇ ಪಂಪು ಎಳೆಯುವುದು 'ಸಾಲ್ವೆಂಟ್' ಎಂದು ಕರೆಯುವ ದ್ರಾವಕಗಳ ಆವಿಯನ್ನು. ಬೇರೆ ಬೇರೆ ಕಡೆ ಕ್ಲೋರಿನ್, ಅಮೋನಿಯ, ಹೈಡ್ರೋಜನ್ ಸಲ್ಫೈಡ್‌ಗಳನ್ನೂ ಎಳೆಯಬೇಕಾಗಬಹುದು.

ಇಲ್ಲಿ ಒಂದು ಸರಳ ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. ಕೊಳವೆಯಿಟ್ಟು ಎಳನೀರು ಎಳೆದರೆ ಅದು ಬುರುಡೆಯಿಂದ ಮಾಯವಾಯಿತು ಎನ್ನಬಹುದೇ ಹೊರತು ಜಗತ್ತಿನಿಂದ ಮಾಯವಾಯಿತು ಎನ್ನಲಾಗದು. ಪಂಪು ಒಂದು ಬಾಯಿಯಿಂದ ಎಳೆದದ್ದೆಲ್ಲ ಇನ್ನೊಂದು ಬಾಯಿಯಿಂದ ಹೊರಗೆ ಬರಲೇಬೇಕು. ಇಲ್ಲವೇ ಪಂಪಿನೊಳಗೇ ಉಳಿಯಬೇಕು. ಪ್ಲಾಂಟಿನಲ್ಲಿ ಎಲ್ಲರ ಕಣ್ಣೂ ಎಳೆಯುವ ಬಾಯಿಯ ಕಡೆಗೆ: ಒತ್ತಡ ಎಷ್ಟು ಇಳಿಯಿತು, ಕುದಿ ಬಂತೇ, ಬ್ಯಾಚ್ ಎಷ್ಟು ಹೊತ್ತಿಗೆ ಮುಗಿಯುತ್ತದೆ. ಆರೋಗ್ಯಕ್ಕೆ ಸಂಬಂಧಿಸಿದ್ದು ಮಾತ್ರ ಹೊರಬಿಡುವ ಬಾಯಿ ಮತ್ತು ಒಳಗಿನ ಎಣ್ಣೆ.

ಎಣ್ಣೆಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಬಳಕೆಯಲ್ಲಿರುವ ಬಹಳಷ್ಟು ಪಂಪುಗಳು ಎಣ್ಣೆಯವು. ಉರುಟಾದ ಗೂಡಿನೊಳಗೆ ಓರೆಯಾಗಿ ಕೂರಿಸಿದ ಒಂದು ಉರುಳೆ ತಿರುಗುತ್ತದೆ. ಅದರ ಸೀಳುಗಳಲ್ಲಿ ಹಿಂದೆ ಮುಂದೆ ಸರಿಯುವ ಅಲಗುಗಳಿಗೆ 'ವೇನ್' ಎನ್ನುತ್ತಾರೆ. ಅಲಗುಗಳು ಅನಿಲವನ್ನು ತಳ್ಳಿ, ಒತ್ತಿ, ಹೊರಗೆ ಹಾಕುತ್ತವೆ. ಸಂದುಗಳಲ್ಲಿ ಅನಿಲ ಹಿಂದಕ್ಕೆ ನುಸುಳದಂತೆ ತಡೆಯುವುದು ಎಣ್ಣೆ. ದಿನವಿಡೀ ಆವಿ ಈ ಎಣ್ಣೆಯ ಮೂಲಕವೇ ಹಾದುಹೋದರೆ ಅದರಲ್ಲಿ ಕರಗದೆ ಇದ್ದೀತೆ? ಉಪ್ಪಿನಕಾಯಿ ಜಾಡಿಯ ಎಣ್ಣೆಗೆ ಮೆಣಸು, ಸಾಸಿವೆಗಳೆಲ್ಲ ಇಳಿಯುವಂತೆ ಪಂಪಿನ ಎಣ್ಣೆಗೆ ದ್ರಾವಕವೆಲ್ಲ ಇಳಿಯುತ್ತದೆ. ಪಂಪು ನಿಂತರೂ ಅದು ಅಲ್ಲೇ ಇರುತ್ತದೆ. ಟೆಂಪೋ ಹತ್ತಿ ಪೀಣ್ಯಕ್ಕೂ ಬರುತ್ತದೆ.

ನನ್ನ ರೋಗಿಯ ಷೆಡ್ಡಿಗೆ ಆ ತಿಂಗಳುಗಳಲ್ಲಿ ಒಂದೇ ಔಷಧ ಕಾರ್ಖಾನೆಯಿಂದ ಸಾಲಾಗಿ ಪಂಪುಗಳು ಬರುತ್ತಿದ್ದವು. ಅಲ್ಲಿ ಬಳಸುತ್ತಿದ್ದುದು ಏನೆಂದು ಕೇಳಿದರೆ ಇವರಿಗೆ ಗೊತ್ತಿಲ್ಲ, ಮಾಲೀಕರಿಗೂ ಗೊತ್ತಿಲ್ಲ. ಎರಡು ದಿನ ಫೋನು ಮಾಡಿದ ಮೇಲೆ ತಿಳಿದದ್ದು ಮೂರಕ್ಷರ: ಎಂ.ಡಿ.ಸಿ. ಪುಸ್ತಕಗಳಲ್ಲಿ ಡೈಕ್ಲೋರೋಮೀಥೇನ್ ಎಂದಿರುವ ದ್ರಾವಕವೇ ನಮ್ಮ ಕಾರ್ಖಾನೆಗಳ ಎಂ.ಡಿ.ಸಿ. ನೀರಿನಂತೆ ತಿಳಿ, ತುಸು ಸಿಹಿ ವಾಸನೆ, ನಮ್ಮ ಬೇಸಿಗೆಯ ಬಿಸಿಲಿಗೇ ಕುದಿಯುವಷ್ಟು ಹಗುರವಾದ ಸ್ವಭಾವ.

ಅದರ ಆವಿ ಮಾತ್ರ ಹಗುರವಲ್ಲ. ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿಕೊಳ್ಳುತ್ತದೆ, ಗುಂಡಿಯಿದ್ದರೆ ಅಲ್ಲಿ ನಿಲ್ಲುತ್ತದೆ. ನಮ್ಮ ಮೆಕ್ಯಾನಿಕರು ಕೆಲಸ ಮಾಡುವುದು ಎಲ್ಲಿ ಕುಳಿತು? ಕುಕ್ಕರಗಾಲಿನಲ್ಲಿ, ನೆಲದ ಮೇಲೆ, ಎಣ್ಣೆ ಇಳಿಸಿದ ಟ್ರೇಯನ್ನು ಮೊಣಕಾಲಿನ ಪಕ್ಕದಲ್ಲೇ ಇಟ್ಟುಕೊಂಡು. ಪಾಶ್ಚಾತ್ಯ ದೇಶಗಳ ಪುಸ್ತಕಗಳಲ್ಲಿ ಚಿತ್ರಿಸಿರುವ ಕೆಲಸಗಾರ ಎದೆಯೆತ್ತರದ ಮೇಜಿನ ಮುಂದೆ ನಿಂತಿರುತ್ತಾನೆ. ಅವನ ಮೂಗಿಗೂ ನಮ್ಮವರ ಮೂಗಿಗೂ ನಡುವೆ ಮೂರಡಿ ವ್ಯತ್ಯಾಸ. ಆ ಮೂರಡಿಯಲ್ಲೇ ಆವಿ ದಟ್ಟವಾಗಿರುತ್ತದೆ. ಷೆಡ್ಡಿನ ಛಾವಣಿಗೆ ಫ್ಯಾನು ಹಾಕಿಸಿದ್ದೇವಲ್ಲ ಎಂಬ ಮಾಲೀಕರ ಉತ್ತರ ಇದಕ್ಕೆ ಸಾಲದು.

ದೇಹದೊಳಗೆ ಹೋದ ಎಂ.ಡಿ.ಸಿ. ಮೊದಲು ಅಮಲಿನಂತೆ ಮೆದುಳನ್ನು ಮಂಕು ಮಾಡುತ್ತದೆ. ಆಮೇಲೆ ನಡೆಯುವುದು ಇನ್ನೂ ವಿಚಿತ್ರ. ಯಕೃತ್ತು ಅದರ ಒಂದು ಭಾಗವನ್ನು ಒಡೆದು ಕಾರ್ಬನ್ ಮಾನಾಕ್ಸೈಡ್ ಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದವರನ್ನು ಕೊಲ್ಲುವ ಅದೇ ಅನಿಲ! ಹೊರಗೆಲ್ಲೂ ಬೆಂಕಿಯಿಲ್ಲ, ಹೊಗೆಯಿಲ್ಲ. ಒಳಗೆ ಮಾತ್ರ ಹೊಗೆಯ ವಿಷ ತಯಾರಾಗುತ್ತಿರುತ್ತದೆ. 1972ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪ್ರಕಟಿಸುವವರೆಗೆ ವೈದ್ಯರಿಗೂ ಇದರ ಅರಿವಿರಲಿಲ್ಲ. ಕಾರ್ಬನ್ ಮಾನಾಕ್ಸೈಡು ರಕ್ತದ ಹೀಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೊಬ್ಬಿನಲ್ಲಿ ಸೇರಿಕೊಂಡ ಎಂ.ಡಿ.ಸಿ. ನಿಧಾನವಾಗಿ ಬಿಡುಗಡೆಯಾಗುವುದರಿಂದ, ಕೆಲಸ ಬಿಟ್ಟು ಮನೆಗೆ ಬಂದು ಕೈಕಾಲು ತೊಳೆದು ಕುಳಿತ ಮೇಲೂ ಗಂಟೆಗಟ್ಟಲೆ ಈ ತಯಾರಿ ನಡೆಯುತ್ತಿರುತ್ತದೆ. ಸಾಯಂಕಾಲದ ತಲೆನೋವಿಗೆ ಕಾರಣ ಇದು. ಹೃದಯದ ತೊಂದರೆ ಇರುವವರಿಗೆ ಎದೆನೋವೇ ಬರಬಹುದು.

ಆಕ್ಸಿಮೀಟರು 98 ತೋರಿಸಿತಲ್ಲ ಎಂದು ಕೇಳುವಿರಿ. ಬೆರಳಿಗೆ ಹಾಕುವ ಆ ಯಂತ್ರಕ್ಕೆ ಆಮ್ಲಜನಕ ಹೊತ್ತ ಹೀಮೋಗ್ಲೋಬಿನ್ನಿಗೂ ಕಾರ್ಬನ್ ಮಾನಾಕ್ಸೈಡ್ ಹೊತ್ತ ಹೀಮೋಗ್ಲೋಬಿನ್ನಿಗೂ ಇರುವ ವ್ಯತ್ಯಾಸ ತಿಳಿಯದು. ಎರಡೂ ಅದಕ್ಕೆ ಒಂದೇ ಕೆಂಪು. ಮನೆಮನೆಗೂ ಬಂದಿರುವ ಈ ಯಂತ್ರವನ್ನು ನಂಬಿ 'ಆಕ್ಸಿಜನ್ ಚೆನ್ನಾಗಿದೆ' ಎಂದು ಸುಮ್ಮನಾಗುವವರಿಗೆ, ನನ್ನನ್ನೂ ಸೇರಿಸಿ, ಇದು ತಿಳಿದಿರಬೇಕು. ಸರಿಯಾದ ಪರೀಕ್ಷೆ ಬೇರೆ ಇದೆ. ರಕ್ತವನ್ನು ಕೋ-ಆಕ್ಸಿಮೀಟರ್ ಎಂಬ ಯಂತ್ರವಿರುವ ಆಸ್ಪತ್ರೆಗೆ ಕಳುಹಿಸಬೇಕು. ಬೀಡಿ ಸಿಗರೇಟು ಮುಟ್ಟದವರಲ್ಲಿ ಕಾರ್ಬನ್ ಮಾನಾಕ್ಸೈಡ್ ಹಿಡಿದ ಹೀಮೋಗ್ಲೋಬಿನ್ನು ಸಾಮಾನ್ಯವಾಗಿ ಶೇಕಡಾ 2–3ರೊಳಗೆ ಇರುತ್ತದೆ. ಬೀಡಿಯ ಸಹವಾಸವೇ ಇಲ್ಲದ ಇವರಲ್ಲಿ ಒಂದು ಬುಧವಾರ ಸಂಜೆ ತೆಗೆದ ರಕ್ತದಲ್ಲಿ ಅದು ದಿನವೂ ಸಿಗರೇಟು ಸೇದುವವರ ಮಟ್ಟಕ್ಕೆ ಏರಿತ್ತು.

'ವಾಸನೆ ಬಂದರೆ ಎದ್ದು ಹೊರಗೆ ಹೋಗ್ತೀವಿ' ಎಂಬ ಧೈರ್ಯ ಈ ಕೆಲಸದವರಲ್ಲಿ ಸಾಮಾನ್ಯ. ಮೂಗು ಒಳ್ಳೆಯ ಕಾವಲುಗಾರನಲ್ಲ. ಅಮೆರಿಕದಲ್ಲಿ ಎಂ.ಡಿ.ಸಿ. ಆವಿಗೆ ಇದ್ದ 500 ಪಿ.ಪಿ.ಎಂ. ಮಿತಿಯನ್ನು, ಎಂದರೆ ಹತ್ತು ಲಕ್ಷ ಪಾಲು ಗಾಳಿಗೆ 500 ಪಾಲು ಆವಿಯನ್ನು, 1997ರಲ್ಲಿ 25ಕ್ಕೆ ಇಳಿಸಿದರು. 2024ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿದ ನಿಯಮದಲ್ಲಿ ಅದು 2ಕ್ಕೆ ಇಳಿದಿದೆ. ಮೂಗಿಗೆ ವಾಸನೆ ಹತ್ತುವ ಹೊತ್ತಿಗೆ ಹೀಗೆ ಇಳಿಸಿದ ಮಿತಿಗಳು ಎಷ್ಟೋ ಪಟ್ಟು ಮೀರಿರುತ್ತವೆ. ಹೈಡ್ರೋಜನ್ ಸಲ್ಫೈಡಿನದು ಇನ್ನೊಂದು ಬಗೆಯ ಮೋಸ. ಕೊಳೆತ ಮೊಟ್ಟೆಯ ವಾಸನೆ ಅತಿ ಕಡಿಮೆ ಪ್ರಮಾಣದಲ್ಲೇ ಮೂಗಿಗೆ ಹೊಡೆಯುತ್ತದೆ. ಆದರೆ ಸುಮಾರು 100 ಪಿ.ಪಿ.ಎಂ. ತಲುಪಿದಾಗ ಮೂಗಿನ ನರ ಸೋತು ವಾಸನೆಯೇ ನಿಂತುಹೋಗುತ್ತದೆ. 'ಈಗ ಹೋಯ್ತು' ಎಂದುಕೊಂಡವನು ಆಗಲೇ ಪ್ರಾಣಾಪಾಯದಲ್ಲಿ ನಿಂತಿರುತ್ತಾನೆ. ಫಾಸ್ಜೀನಿನಂಥವು ಎಳೆದುಕೊಂಡಾಗ ಸ್ವಲ್ಪ ಕೆಮ್ಮು ಬರಿಸಿ ಸುಮ್ಮನಾಗಿ, ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ಶ್ವಾಸಕೋಶದಲ್ಲಿ ನೀರು ತುಂಬಿಸುತ್ತವೆ. ಅಂಥ ಅನಿಲ ಕುಡಿದವರನ್ನು 'ಈಗ ಆರಾಮಾಗಿದ್ದಾರೆ' ಎಂದು ಮನೆಗೆ ಕಳುಹಿಸಬಾರದು. ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಬೇಕು.

ಪಂಪಿನ ಜೊತೆ ಕೆಲಸ ಮಾಡುವವರ ಕಾಯಿಲೆ ಹೊಸದೇನಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ಆಲ್‌ಫ್ರೆಡ್ ಸ್ಟಾಕ್ (1876–1946) ಅವರ ಕಥೆಯನ್ನು ವೈದ್ಯರೂ ಎಂಜಿನಿಯರರೂ ಇಬ್ಬರೂ ಓದಬೇಕು. ಅವರು ಅಧ್ಯಯನ ಮಾಡುತ್ತಿದ್ದುದು ಬೋರಾನ್ ಹೈಡ್ರೈಡುಗಳನ್ನು. ವಿಷವೂ ಹೌದು, ಗಾಳಿ ತಾಗಿದರೆ ಹೊತ್ತಿಕೊಳ್ಳುವ ಗುಣವೂ ಹೌದು. ಅದಕ್ಕಾಗಿಯೇ ಗಾಳಿ ಸೋಕದ, ಪೂರ್ತಿ ಗಾಜಿನ ನಿರ್ವಾತ ಉಪಕರಣವನ್ನು ತಾವೇ ರೂಪಿಸಿದರು. ಅನಿಲ ಒಂದು ತೊಟ್ಟೂ ಹೊರಗೆ ಬರದಂತೆ ನೋಡಿಕೊಂಡರು. ಆದರೆ ಆ ಉಪಕರಣದ ಪಂಪುಗಳಲ್ಲಿ, ಕವಾಟಗಳಲ್ಲಿ, ಮಾಪಕಗಳಲ್ಲಿ ತುಂಬಿದ್ದುದು ಪಾದರಸ. ಅದರ ಆವಿ ಕೋಣೆಯಲ್ಲಿ ಸದಾ ಇತ್ತು. ಸುಮಾರು ಇಪ್ಪತ್ತು ವರ್ಷ ಅವರಿಗೆ ತಲೆನೋವು, ತಲೆಸುತ್ತು, ಬಿಡದ ನೆಗಡಿ. ಮೂಗಿಗೆ ಚಿಕಿತ್ಸೆಯ ಮೇಲೆ ಚಿಕಿತ್ಸೆ ನಡೆಯಿತು. ನೆನಪಿನ ಶಕ್ತಿ ಕುಂದಿ ಹೆಸರುಗಳು, ಅಂಕೆಗಳು ಮರೆಯತೊಡಗಿದವು. 1924ರಲ್ಲಿ ಕಾರಣ ತಿಳಿಯಿತು. 1926ರಲ್ಲಿ, ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು ತಮ್ಮ ಕಾಯಿಲೆಯನ್ನು ಒಂದೂ ಬಿಡದೆ ಬರೆದು ಪ್ರಕಟಿಸಿದರು. ಹೆದರಿದ್ದು ಅನಿಲಕ್ಕೆ, ಕಾಡಿದ್ದು ಪಂಪಿನೊಳಗಿನ ದ್ರವ. ಅಂಥ ವಿಜ್ಞಾನಿಗೇ ಇಪ್ಪತ್ತು ವರ್ಷ ಹಿಡಿದ ಸಂಗತಿಯನ್ನು ಎಸ್ಸೆಸ್ಸೆಲ್ಸಿ ಓದಿದ ಮೆಕ್ಯಾನಿಕ್ ತಾನೇ ಕಂಡುಕೊಳ್ಳಲಿ ಎಂದು ನಾವು ಬಯಸುತ್ತಿದ್ದೇವೆ.

ಹಾಗೆಂದು ಪಂಪನ್ನು ಸುರಕ್ಷಿತವಾಗಿ ಓಡಿಸುವುದು ಗೊತ್ತಿಲ್ಲದ ವಿದ್ಯೆಯಲ್ಲ. ಪಂಪಿಗಿಂತ ಮೊದಲೇ ಆವಿಯನ್ನು ತಣಿಸಿ ಹಿಡಿಯುವ ಕಂಡೆನ್ಸರ್ ಚೆನ್ನಾಗಿದ್ದರೆ ಎಣ್ಣೆಗೆ ಇಳಿಯುವುದೇ ಕಡಿಮೆಯಾಗುತ್ತದೆ. ಕರೆಂಟು ಹೋಗಿ ತಣ್ಣೀರು ನಿಂತಿದ್ದರೂ ಪಂಪನ್ನು ಮಾತ್ರ ಜನರೇಟರಿನಲ್ಲಿ ಓಡಿಸಿದರೆ ಅಷ್ಟೂ ಆವಿ ಪಂಪಿಗೇ ಬರುತ್ತದೆ. ಹೊರಬಿಡುವ ಬಾಯಿಗೆ ಕೊಳವೆ ಹಾಕಿ, ಅನಿಲದ ಗುಣಕ್ಕೆ ತಕ್ಕಂತೆ ಅದನ್ನು ತೊಳೆಯುವ ಸ್ಕ್ರಬ್ಬರಿಗೋ ಹೀರುವ ಇದ್ದಿಲ ಪಾತ್ರೆಗೋ ಕಟ್ಟಿ, ಜನ ಓಡಾಡದ ಎತ್ತರದಲ್ಲಿ ಬಿಡಬೇಕು. ಆ ಕೊಳವೆ ಪಂಪಿನ ಕಡೆಗೆ ಇಳಿಜಾರಾಗಿರಬಾರದು. ಇಲ್ಲದಿದ್ದರೆ ಒಳಗೆ ತಣಿದ ದ್ರವ ಪಂಪಿಗೇ ಹಿಂದಿರುಗುತ್ತದೆ. ಕೊಳವೆಯ ವಾಲ್ವು ತೆರೆದಿದೆಯೇ ಎಂದು ಸ್ವಿಚ್ಚು ಒತ್ತುವ ಮೊದಲೇ ನೋಡಬೇಕು. ಮುಚ್ಚಿದ ಬಾಯಿಯ ಮೇಲೆ ಪಂಪು ಓಡಿಸಿದರೆ ಒತ್ತಡ ಏರಿ ಸೀಲು ಕಿತ್ತುಬರಬಹುದು, ಕವಚ ಸಿಡಿಯಲೂಬಹುದು.

ಪಂಪಿಗೆ 'ಗ್ಯಾಸ್ ಬಲ್ಲಾಸ್ಟ್' ಎಂಬ ಸಣ್ಣ ತಿರುಪು ಇರುತ್ತದೆ. ಅದನ್ನು ತೆರೆದರೆ ಹೊರಗಿನ ಗಾಳಿ ಸ್ವಲ್ಪ ಒಳಗೆ ಸೇರಿ, ಆವಿ ಎಣ್ಣೆಯಲ್ಲಿ ತಣಿದು ನಿಲ್ಲದಂತೆ ಮಾಡುತ್ತದೆ. ಒಳ್ಳೆಯ ಉಪಾಯವೇ. ಆದರೆ ಬೆಂಕಿ ಹತ್ತುವ ಆವಿ ಎಳೆಯುವಾಗ ಅಲ್ಲಿಗೆ ಗಾಳಿಯ ಬದಲು ಸಾರಜನಕ, ಎಂದರೆ ನೈಟ್ರೋಜನ್, ಕೊಡಬೇಕು. ಆವಿ, ಗಾಳಿ, ಬಿಸಿ ಮೂರೂ ಸೇರಿದರೆ ಪಂಪೇ ಒಲೆಯಾದೀತು. ಸಾಮಾನ್ಯ ಗಾಳಿಯಲ್ಲಿರುವುದಕ್ಕಿಂತ ಹೆಚ್ಚು ಆಮ್ಲಜನಕ ಇರುವ ಅನಿಲವನ್ನು ಸಾಮಾನ್ಯ ಖನಿಜ ಎಣ್ಣೆಯ ಪಂಪಿನಲ್ಲಿ ಎಳೆಯಲೇಬಾರದು, ಅದು ಸ್ಫೋಟಕ್ಕೆ ದಾರಿ. ಅಂಥದಕ್ಕೆ ಉರಿಯದ ಬೇರೆ ಬಗೆಯ ಎಣ್ಣೆಯಿದೆ, ದುಬಾರಿ. ಬ್ಯಾಚ್ ಮುಗಿದ ಕೂಡಲೇ ಪಂಪು ನಿಲ್ಲಿಸದೆ, ಎಳೆಯುವ ಬಾಯಿ ಮುಚ್ಚಿ, ಸಾರಜನಕ ಬಿಟ್ಟು ಅರ್ಧ ಗಂಟೆ ಓಡಿಸಿದರೆ ಎಣ್ಣೆಯಲ್ಲಿ ಕರಗಿದ್ದರಲ್ಲಿ ಎಷ್ಟೋ ಭಾಗ ಸ್ಕ್ರಬ್ಬರಿನ ಕಡೆಗೆ ಹೋಗುತ್ತದೆ. ಅರ್ಧ ಗಂಟೆಯ ಕರೆಂಟು ಉಳಿಸಿದ ಪ್ಲಾಂಟು ತನ್ನ ಆವಿಯನ್ನು ಪೀಣ್ಯದ ಷೆಡ್ಡಿಗೆ ಪಾರ್ಸಲ್ ಮಾಡಿದಂತೆ.

ಮಾಸ್ಕಿನ ಬಗ್ಗೆ ಒಂದು ಮಾತು. ಬಟ್ಟೆಯ ಮಾಸ್ಕು, ಆಸ್ಪತ್ರೆಯ ನೀಲಿ ಮಾಸ್ಕು, ಎನ್-95, ಇವು ಯಾವುವೂ ಅನಿಲವನ್ನು ತಡೆಯುವುದಿಲ್ಲ. ಇದ್ದಿಲ ಡಬ್ಬಿ ಇರುವ ಮುಖವಾಡ ಕೆಲವಕ್ಕೆ ಸರಿ, ಎಂ.ಡಿ.ಸಿ. ಆ ಇದ್ದಿಲನ್ನು ಬೇಗ ದಾಟುವುದರಿಂದ ಅದಕ್ಕೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವೇ ಬೇಕು. ಯಾವ ಕೈಗವಸು, ಯಾವ ಮುಖವಾಡ ಎಂದು ನಿರ್ಧರಿಸಬೇಕಾದರೂ ಮೊದಲು ಅನಿಲದ ಹೆಸರು ಗೊತ್ತಿರಬೇಕಲ್ಲ!

ನನ್ನ ತಕರಾರು ಇರುವುದು ಇಲ್ಲೇ. ಹೆಸರಾಂತ ಪಂಪ್ ತಯಾರಕರಿಗೆ ರಿಪೇರಿಗೆಂದು ಪಂಪು ಕಳುಹಿಸಿದರೆ ಅವರು ಒಂದು ಘೋಷಣಾ ಪತ್ರ ಕೇಳುತ್ತಾರೆ: ಈ ಪಂಪು ಏನೇನು ಎಳೆದಿದೆ, ಶುದ್ಧ ಮಾಡಲಾಗಿದೆಯೇ, ಎಣ್ಣೆ ಇಳಿಸಲಾಗಿದೆಯೇ. ಪತ್ರವಿಲ್ಲದ ಪಂಪನ್ನು ಅವರು ಮುಟ್ಟುವುದಿಲ್ಲ. ಅಲ್ಲಿಗೆ ಪಂಪು ಕಳುಹಿಸುವಾಗ ಮರೆಯದೆ ಪತ್ರ ತುಂಬುವ ಕಾರ್ಖಾನೆಯೇ, ನಾಲ್ಕು ಕಾಸು ಉಳಿಯುತ್ತದೆಂದು ಪೀಣ್ಯದ ಷೆಡ್ಡಿಗೆ ಕಳುಹಿಸುವಾಗ ಬರೀ ಡೆಲಿವರಿ ಚಲನ್ನು ಕೊಡುತ್ತದೆ. ಚಲನ್ನಿನಲ್ಲಿ ಪಂಪಿನ ಅಶ್ವಶಕ್ತಿ ಇರುತ್ತದೆ, ನಂಬರು ಇರುತ್ತದೆ. ಅನಿಲದ ಹೆಸರು ಇರುವುದಿಲ್ಲ. ಕೇಳಿದರೆ 'ಪ್ರೋಸೆಸ್ ಸೀಕ್ರೆಟ್' ಎನ್ನುತ್ತಾರೆ. ಪೀಪಾಯಿಯ ಮೇಲೆ ಅಚ್ಚು ಹಾಕಿಸಿ ಬಹಿರಂಗವಾಗಿ ಮಾರುವ ದ್ರಾವಕದ ಹೆಸರಿನಲ್ಲಿ ಎಂಥ ಗುಟ್ಟು?

ಕಾನೂನು ಇಲ್ಲವೆಂದಲ್ಲ. 1984ರ ಭೋಪಾಲ ದುರಂತದ ನಂತರ, 1987ರಲ್ಲಿ, 1948ರ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ಅಪಾಯಕಾರಿ ಪ್ರಕ್ರಿಯೆ ನಡೆಸುವವರು ಅಲ್ಲಿನ ಅಪಾಯಗಳನ್ನು ಕಾರ್ಮಿಕರಿಗೂ ಸುತ್ತಮುತ್ತಲ ಜನರಿಗೂ ತಿಳಿಸಲೇಬೇಕೆಂದು ವಿಧಿಸಲಾಯಿತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಆದರೆ ಅದೆಲ್ಲ ಕಾರ್ಖಾನೆಯ ಗೇಟಿನವರೆಗೆ. ಟೆಂಪೋ ಗೇಟು ದಾಟಿದ ಮೇಲೆ ಪಂಪಿನೊಳಗಿನ ಆವಿ ಯಾರ ಹೊಣೆ? ಎಂಟು ಜನರ ಷೆಡ್ಡು ಕಾನೂನಿನ ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ. ಅಷ್ಟು ಸಣ್ಣ ಘಟಕಕ್ಕೆ ಇ.ಎಸ್.ಐ. ಕಡ್ಡಾಯವಲ್ಲ, ಇವರಿಗೂ ಇರಲಿಲ್ಲ. ರಕ್ತಪರೀಕ್ಷೆಯ ಹಣವನ್ನು ಅವರೇ ಕೊಟ್ಟರು.

ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. ರಿಪೇರಿಗೆ ಹೋಗುವ ಪ್ರತಿಯೊಂದು ಪಂಪಿನ ಕುತ್ತಿಗೆಗೆ ತಂತಿಯಲ್ಲಿ ಒಂದು ಚೀಟಿ ಕಟ್ಟಲಿ. ಅದರಲ್ಲಿ ಎಳೆದ ಅನಿಲದ ಪೂರ್ತಿ ಹೆಸರು, ಸಾರಜನಕ ಬಿಟ್ಟು ತೊಳೆದ ದಿನಾಂಕ, ಎಣ್ಣೆ ಇಳಿಸಿದವರ ಸಹಿ ಇರಲಿ. ಕನ್ನಡದಲ್ಲಿರಲಿ, ಈಗ ಬಿಹಾರ, ಒಡಿಶಾಗಳ ಹುಡುಗರೂ ಈ ಕೆಲಸದಲ್ಲಿರುವುದರಿಂದ ಹಿಂದಿಯಲ್ಲೂ ಇರಲಿ. ಚೀಟಿಯಿಲ್ಲದ ಪಂಪನ್ನು ಬಿಚ್ಚದಿರುವುದು ಷೆಡ್ಡಿನವರ ಹಕ್ಕಾಗಲಿ. ಇದನ್ನು ಕಾರ್ಖಾನೆಗಳ ಇಲಾಖೆ ಒಂದು ಸುತ್ತೋಲೆಯಿಂದ ಮಾಡಿಸಬಲ್ಲದು. ಷೆಡ್ಡು ಕಾರ್ಖಾನೆಯಲ್ಲದಿದ್ದರೆ ಬೇಡ, ಕಳುಹಿಸುವವರು ಕಾರ್ಖಾನೆಯೇ ತಾನೆ? ಕಾರ್ಮಿಕನಿಗೆ ಮಾಸ್ಕು ಕೊಟ್ಟು ಜವಾಬ್ದಾರಿ ತೀರಿತೆನ್ನುವುದು ಸುಲಭ. ಆ ಜವಾಬ್ದಾರಿ ಹೊರಬೇಕಾದವರು ಅನಿಲದ ಹೆಸರು ಗೊತ್ತಿರುವವರು, ಎಂದರೆ ಕಳುಹಿಸುವವರು.

ಇಳಿಸಿದ ಎಣ್ಣೆಯ ಗತಿ ಇನ್ನೊಂದು ಕಥೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಅನುಮತಿ ಪಡೆದವರಿಗೇ ಕೊಡಬೇಕು. ನಡೆಯುವುದೇನು? ಹಳೆ ಆಯಿಲ್ ಎಂದು ಕ್ಯಾನಿನ ಲೆಕ್ಕದಲ್ಲಿ ಮಾರಾಟವಾಗಿ, ಮನೆ ಕಟ್ಟುವಲ್ಲಿ ಸೆಂಟ್ರಿಂಗ್ ಹಲಗೆಗೆ ಬಳಿಯಲು ಹೋಗುತ್ತದೆ. ಬಳಿಯುವ ಕೈಗೆ ಗವಸು ಇರುವುದಿಲ್ಲ.

ಈಗ ಮನೆಯವರಿಗೆ. ಗಂಡನೋ ಮಗನೋ ಇಂಥ ಕೆಲಸದಲ್ಲಿದ್ದರೆ, ಕೆಲಸದ ಬಟ್ಟೆಯನ್ನು ಕೆಲಸದ ಕಡೆಯೇ ಬದಲಿಸಿ ಬರುವಂತೆ ಹೇಳಿ. ಎಣ್ಣೆ ಹತ್ತಿದ ಷರ್ಟನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ. ಬಚ್ಚಲಿನ ಬಾಗಿಲು ಮುಚ್ಚಿಕೊಂಡು ಒಗೆಯಬೇಡಿ, ಹೊರಗೆ ಗಾಳಿಯಾಡುವಲ್ಲಿ ಒಗೆಯಿರಿ. ಗರ್ಭಿಣಿಯರು ಆ ಬಟ್ಟೆಗಳನ್ನು ಮುಟ್ಟದಿರುವುದೇ ಲೇಸು. ಕಾರ್ಖಾನೆ ಕೆಲಸದ ವಿಷಕ್ಕೆ ಬೆಲ್ಲ, ಬಾಳೆಹಣ್ಣು, ಹಾಲು ಔಷಧವೆಂಬ ನಂಬಿಕೆ ಹಳೆಯದು. ತಿನ್ನಲಿ, ಒಳ್ಳೆಯ ಆಹಾರವೇ. ಆದರೆ ರಕ್ತದಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಅವು ತೊಳೆಯಲಾರವು. ಯಾರಾದರೂ ಗುಂಡಿಯಲ್ಲೋ ಪಂಪಿನ ಕೋಣೆಯಲ್ಲೋ ಕುಸಿದು ಬಿದ್ದರೆ ಹಿಂದೆಯೇ ನುಗ್ಗಬೇಡಿ ಎಂದೂ ಹೇಳಿ. ಒಬ್ಬನನ್ನು ಎತ್ತಲು ಹೋಗಿ ಇಬ್ಬರು ಮೂವರು ಹೋದ ಸುದ್ದಿಯನ್ನು ಇದೇ ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ ನಾವು!

ಎಲ್ಲಕ್ಕಿಂತ ಮುಖ್ಯವಾಗಿ, ಕಾಯಿಲೆಗೂ ಕೆಲಸದ ದಿನಕ್ಕೂ ಇರುವ ಸಂಬಂಧವನ್ನು ಗಮನಿಸಿ. ರಜೆಯಲ್ಲಿ ಕಡಿಮೆಯಾಗಿ ಕೆಲಸಕ್ಕೆ ಹೋದ ದಿನ ಮರಳುವ ತಲೆನೋವು, ಕೆಮ್ಮು, ಕೈನಡುಕ ಇದ್ದರೆ ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ 1700ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ 'ನಿನ್ನ ಕಸುಬೇನು' ಎಂಬುದನ್ನೂ ಸೇರಿಸಿಕೊಳ್ಳಬೇಕೆಂದು ವೈದ್ಯರಿಗೆ ಹೇಳಿದ್ದರು. ಮುನ್ನೂರು ವರ್ಷಗಳ ಮೇಲೂ ನಾನು ಅದನ್ನು ಕೇಳಲು ಮೂರನೆಯ ಭೇಟಿಯವರೆಗೆ ಕಾದೆ. ಆ ಹೆಣ್ಣುಮಗಳು ಗಂಡನ ಜೊತೆ ಬಾರದಿದ್ದರೆ ನಾಲ್ಕನೆಯ ಸಲಕ್ಕೂ ಆಮ್ಲದ ಮಾತ್ರೆಯನ್ನೇ ಬರೆಯುತ್ತಿದ್ದೆನೇನೋ.

ಅವರ ಷೆಡ್ಡಿನ ಮಾಲೀಕರು ಕೆಟ್ಟವರೇನಲ್ಲ. ವಿಷಯ ತಿಳಿದ ವಾರದಲ್ಲೇ ಎಣ್ಣೆ ಇಳಿಸುವ ಕೆಲಸವನ್ನು ಷೆಡ್ಡಿನ ಹೊರಗಿನ ಕಟ್ಟೆಯ ಮೇಲಕ್ಕೆ ಬದಲಿಸಿದರು. ಕೆಳಮಟ್ಟದಲ್ಲಿ ಗೋಡೆ ಕೊರೆದು ಗಾಳಿ ಎಳೆಯುವ ಫ್ಯಾನು ಹಾಕಿಸಿದರು. ಟ್ರೇಗೆ ಮುಚ್ಚಳ ಬಂತು, ಕುಕ್ಕರಗಾಲಿನ ಬದಲು ಬೆಂಚು ಬಂತು. ನನ್ನ ರೋಗಿಯ ತಲೆನೋವು ತಿಂಗಳೊಳಗೆ ನಿಂತಿತು. ಗೋಡೆಯ ಮೇಲೆ 'ಚೀಟಿ ಇಲ್ಲದ ಪಂಪು ಬಿಚ್ಚುವುದಿಲ್ಲ' ಎಂಬ ಬೋರ್ಡೂ ಬಂದಿದೆ. ಅದರಿಂದಾಗಿ ಇಬ್ಬರು ಗಿರಾಕಿಗಳು ಪಕ್ಕದ ರಸ್ತೆಯ ಷೆಡ್ಡಿಗೆ ಹೋದರಂತೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಮೊನ್ನೆ ಒಂದು ಕಂಪನಿಯಿಂದ ಪಂಪಿನ ಜೊತೆ ಚೀಟಿ ಬಂತಂತೆ. ಅದರಲ್ಲಿ ಇದ್ದದ್ದು 'ಸಾಲ್ವೆಂಟ್' ಎಂಬ ಒಂದೇ ಪದ. ಮಾಲೀಕರು ಅದರ ಕೆಳಗೆ 'ಯಾವುದು?' ಎಂದು ಬರೆದು ಟೆಂಪೋದವನ ಕೈಯಲ್ಲೇ ಹಿಂದಕ್ಕೆ ಕಳುಹಿಸಿದ್ದಾರೆ. ಪಂಪು ಕಟ್ಟೆಯ ಮೇಲೆ, ಬಾಯಿ ಕಟ್ಟಿಕೊಂಡು, ಉತ್ತರಕ್ಕೆ ಕಾಯುತ್ತಿದೆ.